ಭಂಡಾರ ಹತ್ತಿದ ಚೀಟಿಗಳು

ಮಾದನವಾಡಿಯ ಗಂಡುಮಕ್ಕಳ ಸಾಲಿಯಲ್ಲಿ ಇಪ್ಪತ್ತೇಳು ಹುಡುಗರು. ತಿಂಗಳ ಕಡೆಯ ಶನಿವಾರ ಅವರೆಲ್ಲ ಮನೆಗೆ ಓಡಿದ ಮೇಲೆ ಏಕನಾಥ ಮಾಸ್ತರ ಗೋಡೆಗೆ ಬೆನ್ನು ಕೊಟ್ಟು ಕೂತು ಇಪ್ಪತ್ತೇಳು ಚೀಟಿ ಬರೆಯುತ್ತಿದ್ದ. ನಿಮ್ಮ ಮಗ ಈ ತಿಂಗಳು ಇಷ್ಟು ದಿನ ಬಂದಿದ್ದಾನೆ, ಇಂಥ ಪಾಠ ಬಂದಿದೆ, ಇಂಥದು ಇನ್ನೂ ಬರಬೇಕು, ಆಟದಲ್ಲಿ ಹೀಗಿದ್ದಾನೆ, ಜಗಳದಲ್ಲಿ ಹೀಗಿದ್ದಾನೆ. ಬರೆದು ನಾಲ್ಕು ಮಡಿಕೆ ಮಾಡಿ, ಜೋಳದ ಹಿಟ್ಟಿನ ಸರಿ ಎಂಬ ಅಂಟು ಹಚ್ಚಿ ಮುಚ್ಚಿ, ಮೇಲೆ ಹುಡುಗನ ಅಪ್ಪನ ಹೆಸರು ಬರೆಯುವನು. ಚೀಟಿ ಅಪ್ಪ ಅವ್ವನದು, ಹುಡುಗ ದಾರಿಯಲ್ಲಿ ಒಡೆಯಬಾರದು ಎಂಬುದು ಅವನ ನೇಮ.

ಹೀಗೆ ಬರೆಯಿರಿ ಎಂದು ಮೇಲಿನವರು ಯಾರೂ ಹೇಳಿರಲಿಲ್ಲ. ಅವನ ಕೈ ಹಿಡಿದು ಬರೆಸುತ್ತಿದ್ದದ್ದು ಒಂದು ಹಳೆಯ ನೆನಪು. ಬೀದರದ ಮೈಲೂರಿನಲ್ಲಿ ಅವನು ಸಾಲಿ ಕಲಿಯುವಾಗ ಅವನವ್ವ ಶೇವಂತಾಬಾಯಿ ಸಾಲಿಯ ಮುಂದಿನ ರಸ್ತೆ ಗುಡಿಸಲು ಬರುತ್ತಿದ್ದಳು. ಗುಡಿಸುವುದು ಮುಗಿದರೂ ಕಿಟಕಿಯ ಕೆಳಗೆ ಇನ್ನೊಂದು ಸಲ ಗುಡಿಸುವಳು. ಒಳಗೆ ಇಪ್ಪತ್ತು ಹುಡುಗರ ದನಿಯಲ್ಲಿ ತನ್ನ ಮಗನ ದನಿ ಯಾವುದು ಎಂದು ಕಿವಿ ಕೊಡುವಳು. ಮಗ ಪಾಸಾದನೋ ನಪಾಸಾದನೋ, ಜಾಣನೋ ದಡ್ಡನೋ, ಯಾವ ಮಾಸ್ತರನೂ ಹೊರಗೆ ಬಂದು ಅವಳಿಗೆ ಒಂದು ಮಾತು ಹೇಳಿದ್ದಿಲ್ಲ. ಕೇಳಬಹುದು ಅಂತ ಅವಳಿಗೂ ತೋಚಿದ್ದಿಲ್ಲ.

ಏಕನಾಥ ಮಾದನವಾಡಿಗೆ ಬಂದದ್ದು ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಕಾರ್ವಾಯಿಯ ಮರುವರ್ಷದ ಮೃಗಶಿರ ಮಳೆಯಲ್ಲಿ. ಒಂಬತ್ತು ತಿಂಗಳು ಬಾಗಿಲು ಹಾಕಿದ್ದ ಸಾಲಿ ಆಗ ಮತ್ತೆ ತೆರೆದಿತ್ತು. ಮೊದಲು ಉರ್ದು ಕಲಿಸುತ್ತಿದ್ದ ಗೋಡೆಗಳು ಈಗ ಕನ್ನಡ ಕಲಿಸಬೇಕಾಗಿತ್ತು. ಅವನಿಗಿಂತ ಮೊದಲು ಇದ್ದವರು ಅಬ್ದುಲ ಅಜೀಜ ಮಾಸ್ತರರು, ಹದಿನಾಲ್ಕು ವರ್ಷ ಅದೇ ಊರಲ್ಲಿದ್ದವರು. ಕಾರ್ವಾಯಿ ನಡೆದ ಆ ಭಾದ್ರಪದದ ಗದ್ದಲದೊಳಗೆ ಊರವರೇ ಬಂಡಿ ಕಟ್ಟಿ, ಯಾರಿಗೂ ಕಾಣದಂತೆ ಮೇಲೆ ಜೋಳದ ದಂಟಿನ ಕಣಕಿ ಹೇರಿ, ಅವರನ್ನೂ ಅವರ ಹೆಂಡತಿಯನ್ನೂ ಬೀದರಕ್ಕೆ ಮುಟ್ಟಿಸಿ ಬಂದಿದ್ದರು. ಈಗ ಚಿದ್ರಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ ಎಂದು ಸುದ್ದಿ. ಸಾಲಿಯ ಟ್ರಂಕಿನಲ್ಲಿ ಅವರ ಅರ್ಧ ಉಳಿದ ಚೀಟಿಪುಸ್ತಕ ಏಕನಾಥನಿಗೆ ಸಿಕ್ಕಿತು. ಉರ್ದುವಿನಲ್ಲಿ ಹುಡುಗನ ಹೆಸರು, ಹಾಜರಿ, ನಡತೆ, ಲೆಕ್ಕ. ನೋಡಿ ಏಕನಾಥನ ಎದೆ ತಣ್ಣಗಾಯಿತು. ಬರೆಯುವವರು ಇದ್ದರು, ಓದುವವರು ಇರಲಿಲ್ಲ ಅಷ್ಟೇ. ಕನ್ನಡದಲ್ಲಿ ಬರೆದರೆ ಗುಡಿಕಟ್ಟೆಯ ಮೇಲೆ ಯಾರಾದರೂ ಓದಿ ಹೇಳಿಯಾರು ಎಂದುಕೊಂಡ.

ಓದಿ ಹೇಳಿದರು ಕೂಡ. ಒಬ್ಬ ತಂದೆ ಹೊಲದಿಂದ ನೆಟ್ಟಗೆ ಸಾಲಿಗೆ ಬಂದು, "ನನ್ ಮಗ ಕಲ್ಲು ಹೊಡಿತಾನಂತ ಬರ್ದೀರಿ. ಯಾರಿಗಿ ಹೊಡ್ದ, ಹೇಳ್ರಿ" ಎಂದು ಕೇಳಿ ಹೋದ. ಇನ್ನೊಬ್ಬಳು ತಾಯಿ ಬಾಗಿಲ ಹೊರಗೆ ನಿಂತು ಒಂದು ಸೇರು ಪುಟಾಣಿ ಇಟ್ಟು ಹೋದಳು. ದೊಡ್ಡ ಮನೆಯೊಂದರಲ್ಲಿ ಮಾತ್ರ ಏಕನಾಥ ಚೀಟಿ ಕೊಡಲು ಹೋದಾಗ, ಅದನ್ನು ಕಟ್ಟೆಯ ಮೇಲೆ ಇಡಿಸಿ, ಅವನು ನಾಲ್ಕು ಹೆಜ್ಜೆ ದೂರ ಹೋದ ಮೇಲೆ ಎತ್ತಿಕೊಂಡರು. ಎತ್ತಿಕೊಳ್ಳುವ ಮೊದಲು ತಂಬಿಗೆಯ ನೀರು ಚಿಮುಕಿಸಿದ ಸಪ್ಪಳ ಅವನ ಬೆನ್ನಿಗೆ ಕೇಳಿಸಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಆ ಮನೆಯ ಹುಡುಗನ ಚೀಟಿ ಬರೆಯುವುದನ್ನೂ ಬಿಡಲಿಲ್ಲ.

ಇಪ್ಪತ್ತಾರು ಮನೆಗಳಿಂದ ಒಂದಲ್ಲ ಒಂದು ರೀತಿ ಮಾರುತ್ತರ ಬಂತು. ಒಂದರಿಂದ ಮಾತ್ರ ಬರಲಿಲ್ಲ. ಅದು ಕುರಿಗಾರ ಮಡೆಪ್ಪನ ಮನೆ.

ಮಡೆಪ್ಪನ ಮಗ ಧೊಂಡಿಬಾ ನಾಲ್ಕನೆಯ ಇಯತ್ತೆಯಲ್ಲಿದ್ದ. ಆ ಊರ ಕುರಿಗಾರರ ಮಕ್ಕಳಲ್ಲಿ ಅಲ್ಲಿಯವರೆಗೆ ಬಂದವನು ಅವನೊಬ್ಬನೇ. ಅಪ್ಪ ಅವ್ವ ವರ್ಷದ ಎಂಟು ತಿಂಗಳು ಕುರಿಯ ಜೊತೆ ಔರಾದ ಸೀಮೆಯಲ್ಲಿ, ಹುಡುಗ ಊರಲ್ಲಿ ಅಜ್ಜಿಯ ಹತ್ತಿರ. ಚೀಟಿಗಳು ಅಜ್ಜಿಯ ಕೈಯಿಂದ ನರಸಿಂಗನ ಕೈಗೆ ಹೋಗುತ್ತಿದ್ದವು. ಈ ನರಸಿಂಗ ಹದಿನೈದು ದಿನಕ್ಕೊಮ್ಮೆ ಕತ್ತೆಯ ಮೇಲೆ ಹಿಟ್ಟು, ಉಪ್ಪು, ಖಾರ ಹೇರಿಕೊಂಡು ಕುರಿಹಟ್ಟಿಗೆ ಮುಟ್ಟಿಸುವವನು. ಎಂಟು ಚೀಟಿ ಹೋದವು. ಒಂದಕ್ಕೂ ಉತ್ತರವಿಲ್ಲ.

ಎಂಟನೆಯದರಲ್ಲಿ ಏಕನಾಥ ದೊಡ್ಡಕ್ಷರದಲ್ಲಿ ಬರೆದಿದ್ದ: ನಾಲ್ಕನೆಯ ಇಯತ್ತೆಯ ಪರೀಕ್ಷೆ ಭಾಲ್ಕಿಯಲ್ಲಿ. ಫಾರ್ಮಿನ ಮೇಲೆ ತಂದೆಯ ಸಹಿ ಅಥವಾ ಹೆಬ್ಬೆಟ್ಟು ಬೇಕೇ ಬೇಕು. ಮಾಘ ಮುಗಿಯುವುದರೊಳಗೆ ಬಂದು ಹೋಗಿರಿ. ಮಾಘ ಮುಗಿಯುತ್ತ ಬಂದರೂ ಮಡೆಪ್ಪ ಬರಲಿಲ್ಲ. ಸೋಮವಾರ ಸಂಜೆಯೊಳಗೆ ಫಾರ್ಮು ಭಾಲ್ಕಿಯ ಕಚೇರಿಯಲ್ಲಿರಬೇಕು. ಇಲ್ಲದಿದ್ದರೆ ಹುಡುಗ ಪರೀಕ್ಷೆಗೆ ಕೂಡುವಂತಿಲ್ಲ. ಪರೀಕ್ಷೆ ತಪ್ಪಿದರೆ ಯುಗಾದಿಯ ಮೇಲೆ ಅವನು ಕುರಿಯ ಹಿಂದೆ ಹೋಗುವವನೇ ಎಂದು ಅಜ್ಜಿ ಆಗಲೇ ಹೇಳಿಯಾಗಿತ್ತು. ಕುರಿಯ ಹಿಂದೆ ಹೋದ ಹುಡುಗ ಸಾಲಿಗೆ ತಿರುಗಿ ಬಂದದ್ದನ್ನು ಮಾದನವಾಡಿಯಲ್ಲಿ ಯಾರೂ ಕಂಡಿರಲಿಲ್ಲ.

ಶನಿವಾರ ಸಂಜೆ ಏಕನಾಥ ನರಸಿಂಗನನ್ನು ಬಾವಿಯ ಹತ್ತಿರ ನಿಲ್ಲಿಸಿ ಕೇಳಿದ, "ಚೀಟಿ ಖರೇನೇ ಮಡೆಪ್ಪನ ಕೈಯಾಗ ಕೊಟ್ಟಿಯೇನಪ?"

"ಕೊಡದ ನಾ ಏನು ಕತ್ತಿಗಿ ತಿನಸ್ಲೇನ್ರಿ? ಕೊಟ್ಟೀನಿ."

"ತಗೊಂಡು ಏನು ಮಾಡ್ದ?"

"ತಗೊಂಡ. ಹಣಿಗಿ ಹಚ್ಕೊಂಡ. ಗಂಟಿನ್ಯಾಗ ಇಟ್ಟ. ನಾ ರೊಟ್ಟಿ ತಿಂದೆ, ಬಂದೆ."

"ಒಡ್ದು ನೋಡಿಲ್ಲ?"

ನರಸಿಂಗ ನಕ್ಕ. "ಒಡ್ದು ಏನು ನೋಡ್ತಾನ್ರಿ ಅಂವ? ಒಳಗ ನೀವು ಕುರಿ ಚಿತ್ರ ತಗ್ದೀರೇನು?"

ಆ ನಗೆ ಏಕನಾಥನಿಗೆ ಚುಚ್ಚಿತು. ಹಣೆಗೆ ಹಚ್ಚಿಕೊಂಡ ಎಂಬುದು ಅವನ ಕಿವಿಗೆ ಬೀಳಲೇ ಇಲ್ಲ, ಒಡೆಯಲಿಲ್ಲ ಎಂಬುದಷ್ಟೇ ಬಿತ್ತು. ತಂಬಿಗೆಯ ನೀರಿನ ಸಪ್ಪಳ ಮತ್ತೆ ಬೆನ್ನಿಗೆ ಕೇಳಿಸಿದಂತಾಯಿತು. ಆ ದೊಡ್ಡ ಮನೆಯವರಾದರೂ ನೀರು ಹಾಕಿ ಓದಿದರು, ಇವನು ಓದುವುದಕ್ಕೂ ಒಲ್ಲೆ ಅಂದ ಎಂದು ಮನಸ್ಸು ಕಹಿಯಾಯಿತು. ಬಾವಿಯ ಕಟ್ಟೆಯ ಮೇಲೆ ಕೂತವನು ಮತ್ತೆ ಎದ್ದ. ನನ್ನ ಕಹಿಗೂ ಹುಡುಗನ ಪರೀಕ್ಷೆಗೂ ಏನು ಸಂಬಂಧ? ಅವ್ವ ಕಿಟಕಿಯ ಕೆಳಗೆ ಎರಡನೆಯ ಸಲ ಗುಡಿಸುವಾಗ ಮಾನ ಅಪಮಾನ ನೋಡಿದ್ದಳೇ?

"ನಾಳೆ ನಸುಕಿನ್ಯಾಗ ಹೊರಡ್ತೀಯಲಾ," ಅಂದ ನರಸಿಂಗನಿಗೆ. "ನಾನೂ ಬರ್ತೇನಿ. ಧೊಂಡಿಬಾನೂ ಬರ್ತಾನ."

ಭಾನುವಾರ ಬೆಳಗಿನ ತಂಪಿನಲ್ಲಿ ಮೂವರೂ ಒಂದು ಕತ್ತೆಯೂ ಹೊರಟರು. ತೊಗರಿ ಕೊಯ್ದ ಹೊಲಗಳ ಕೂಳೆ ಕಾಲಿಗೆ ತಾಗುತ್ತಿತ್ತು. ಮಾಂಜ್ರಾ ಹೊಳೆಯಲ್ಲಿ ನೀರು ಮೊಳಕಾಲ ಮಟ್ಟಕ್ಕೆ ಇಳಿದಿತ್ತು. ಏಕನಾಥ ಫಾರ್ಮನ್ನು ಧೋತರದ ಚುಂಗಿನಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ದಾಟಿದ. ಆಚೆ ದಡದಲ್ಲಿ ಕಾಲು ಒಣಗಿಸಿಕೊಳ್ಳುವಾಗ ಹುಡುಗನನ್ನು ಕೇಳಿದ, "ಧೊಂಡಿಬಾ, ನಿಮ್ಮಪ್ಪಗ ಬಾ ಅಂತ ಹೇಳಿ ಕಳಿಸು ಅಂದಿದ್ದೆ. ಹೇಳಿ ಕಳಿಸಿದಿ?"

ಹುಡುಗ ಮರಳಿನಲ್ಲಿ ಹೆಬ್ಬೆರಳು ಒತ್ತಿದ. "ಇಲ್ಲರಿ."

"ಯಾಕ?"

"ಚೀಟಿನ್ಯಾಗ ಲೆಕ್ಕದ ಮಾತು ಇರ್ತದಂತ ಗೊತ್ತಿತ್ತರಿ. ಅಪ್ಪ ಬಂದ್ರ ನೀವು ಬಾಯಿಲೆನೂ ಹೇಳ್ತಿದ್ರಿ."

ನರಸಿಂಗ ಕತ್ತೆಯ ಕಿವಿಯಲ್ಲಿ, "ಕೇಳಿದೇನ? ಇಂವ ಲೆಕ್ಕ ಬರಂಗಿಲ್ಲ ಅಂತಾನ, ಎಲ್ಲಾ ಲೆಕ್ಕ ಹಾಕಿ ಇಟ್ಟಾನ" ಎಂದ.

ಹಟ್ಟಿ ಸಿಕ್ಕಿದ್ದು ಇಳಿಹೊತ್ತಿನಲ್ಲಿ. ಔರಾದದ ದಾರಿಗೆ ಹೊಂದಿ ಒಬ್ಬರ ಹೊಲದಲ್ಲಿ, ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಬಲೆ ಕಟ್ಟಿದ ಕುರಿದಡ್ಡಿ, ಮೂರು ಕಲ್ಲಿನ ಒಲೆ, ಕಂಬಳಿಯ ಒಂದು ಚಪ್ಪರ. ಏಕನಾಥ ಅಭ್ಯಾಸಬಲದಿಂದ ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತ. ನಿಂತದ್ದು ನೋಡಿ ಕರುವಿನ ಗಾತ್ರದ ಎರಡು ನಾಯಿಗಳು ಬೊಗಳುತ್ತ ಬಂದವು. ಅವನು ನರಸಿಂಗನ ಹಿಂದೆ, ನರಸಿಂಗ ಕತ್ತೆಯ ಹಿಂದೆ.

"ದೂರ ನಿಲ್ಲಬ್ಯಾಡ್ರಿ," ಎಂದು ಒಳಗಿನಿಂದ ಒಂದು ಗಂಡುದನಿ ಕೂಗಿತು. "ದೂರ ನಿಂತವರಿಗಿ ಅವು ಕಳ್ಳರಂತ ತಿಳೀತಾವ. ಒಳಗ ಬರ್ರಿ, ಸುಮ್ಮಾಗ್ತಾವ."

ಒಳಗೆ ಬಂದ. ಸುಮ್ಮನಾದವು.

ಹಾಗೆ ಕೂಗಿದವನೇ ಮಡೆಪ್ಪ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ, ಎರಡೂ ಕಂಕುಳಲ್ಲಿ ಒಂದೊಂದು ಮರಿ. ಅದು ಮರಿ ಬಿಡುವ ಹೊತ್ತು. ಮೇಯಲು ಹೋಗಿ ಬಂದ ತಾಯಿಕುರಿಗಳು ಒಂದು ಕಡೆ, ದಿನವೆಲ್ಲ ಕಾದ ಮರಿಗಳು ಇನ್ನೊಂದು ಕಡೆ. ಆ ಅರಚಾಟದ ನಡುವೆ ಮಾತು ಸಾಧ್ಯವಿರಲಿಲ್ಲ. ಮಡೆಪ್ಪನ ಹೆಂಡತಿ ಹೀರಾಬಾಯಿ ಮಗನ ತಲೆ ಸವರಿ, ಮಾಸ್ತರನಿಗೆ ಕೂಡಲು ಕಂಬಳಿ ಹಾಸಿ, ಮತ್ತೆ ಮರಿಗಳ ಕಡೆ ಓಡಿದಳು. ಏಕನಾಥ ಕೂತು ನೋಡಿದ. ಯಾವ ಮರಿ ಯಾವ ತಾಯಿಯದೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತು. ತಾಯಿ ಮರೆತ ಮರಿಯನ್ನು ಹಿಡಿದು ತಾಯಿಯ ಮೂಗಿಗೆ ಒಡ್ಡುತ್ತಿದ್ದರು. ತಾಯಿ ಮೂಸಿ, ನೆನಪಾಗಿ, ಸುಮ್ಮನೆ ನಿಲ್ಲುತ್ತಿತ್ತು. ನಾನು ಇಪ್ಪತ್ತೇಳು ಹುಡುಗರಿಗೆ ಚೀಟಿ ಬರೆದು ಮಾಡುವುದೂ ಇದನ್ನೇ ಅಲ್ಲವೇ ಎಂದು ಅವನಿಗೆ ಅನಿಸಿತು.

ಸದ್ದು ಇಳಿದ ಮೇಲೆ ಮಡೆಪ್ಪ ಬಂದು ಎದುರಿಗೆ ಕೂತ. ಹೀರಾಬಾಯಿ ಹಿತ್ತಾಳೆ ಬಟ್ಟಲಲ್ಲಿ ಬಿಸಿ ಹಾಲು ತಂದು ಏಕನಾಥನ ಕೈಗೇ ಕೊಟ್ಟಳು. ಅವನು ಒಂದು ಗಳಿಗೆ ಬಟ್ಟಲನ್ನೇ ನೋಡಿದ.

"ನನ್ನ ಮನಿತನ ನಿಮಗ ಗೊತ್ತಿಲ್ಲ ಕಾಣಸ್ತದ," ಎಂದ ಮೆಲ್ಲಗೆ.

"ನರಸಿಂಗ ಹೇಳ್ಯಾನ್ರಿ," ಎಂದಳು ಹೀರಾಬಾಯಿ. "ಹಾಲು ಆರ್ತದ, ಕುಡೀರಿ."

ಏಕನಾಥ ಕುಡಿದ. ಬಟ್ಟಲು ಕೆಳಗಿಟ್ಟು ಕೇಳಿದ, "ಮಡೆಪ್ಪ, ಎಂಟು ತಿಂಗಳು ಎಂಟು ಚೀಟಿ ಬರ್ದೀನಿ. ಒಂದೂ ನೀವು ಒಡ್ದಿಲ್ಲಂತ. ನಾ ಬರ್ದದ್ದು ನಿಮಗ ಬ್ಯಾಡಾಗಿದ್ರ ಹೇಳ್ರಿ. ಆದ್ರ ಹುಡುಗನ ಪರೀಕ್ಷಾ ತಪ್ತದ. ನಾಳಿ ಸಂಜಿಯೊಳಗ ನಿಮ್ಮ ಹೆಬ್ಬಟ್ಟಿನ ಫಾರ್ಮು ಭಾಲ್ಕಿಗಿ ಮುಟ್ಟಬೇಕು."

ಮಡೆಪ್ಪ ಗಾಬರಿಯಾದ. "ಬ್ಯಾಡಾಗೋದೇನ್ರಿ? ಪರೀಕ್ಷಾ ಏನ್ರಿ? ಯಾರು ಹೇಳ್ಯಾರ ನನಗ?"

"ಚೀಟಿನ್ಯಾಗ ಬರ್ದೀನಲಾ."

ಮಡೆಪ್ಪ ಎದ್ದು ಕೈಕಾಲು ತೊಳೆದ. ಚಪ್ಪರದ ಕಂಬಕ್ಕೆ ತೂಗು ಹಾಕಿದ ದೇವರ ಗಂಟನ್ನು ಇಳಿಸಿದ. ಮೈಲಾರ ಮಲ್ಲಯ್ಯನ ಗಂಟು ಅದು. ಕುರಿ ಎಲ್ಲಿಗೆ ಹೋದರೂ ಜೊತೆಗೆ ಹೋಗುವ ದೇವರು. ಕಂಬಳಿಯ ಮೇಲಿಟ್ಟು, ನಮಸ್ಕಾರ ಮಾಡಿ, ಗಂಟು ಬಿಚ್ಚಿದ. ಒಳಗೆ ಒಂದು ಬೆಳ್ಳಿಯ ಮೂರ್ತಿ, ಅರಿಶಿನದ ಭಂಡಾರದ ಚೀಲ. ಮೂರ್ತಿಯ ಪಾದದ ಕೆಳಗೆ ಒಂದರ ಮೇಲೊಂದು ಎಂಟು ಚೀಟಿ. ಭಂಡಾರ ಮೆತ್ತಿ ಬಂಗಾರದ ತಗಡಿನಂತೆ ಹಳದಿಯಾಗಿದ್ದವು. ಸರಿ ಅಂಟಿಸಿದ್ದು ಒಂದೂ ಬಿಚ್ಚಿರಲಿಲ್ಲ.

"ಇವಕ್ಕ ದಿನಾ ಪೂಜಾ ಆಗ್ತದ್ರಿ," ಎಂದ ಮಡೆಪ್ಪ. "ನೀವು ಸಾಲಿ ಗುರುಗಳು. ನಿಮ್ಮ ಕೈಲಿಂದ ನನ್ನ ಮಗನ ಹೆಸರು ಬರ್ದು ಬರ್ತದ. ಅದಕ್ಕ ದೇವರ ಹತ್ರ ಇರ್ಲಿ ಅಂತ ಇಟ್ಟೀನಿ. ದೇವರಿಗಿ ಕೊಟ್ಟದ್ದು ಹ್ಯಾಂಗ ಒಡೀಲಿ?"

ಇವರ ಬಾಗಿಲಲ್ಲೂ ಆ ನೀರಿನ ತಂಬಿಗೆ ಇದೆ ಎಂದು ಏಕನಾಥ ಅಂದುಕೊಂಡದ್ದೆಲ್ಲ ಆ ಹಳದಿಯ ಮುಂದೆ ಕರಗಿತು. ತಾನು ಮುಟ್ಟಿದ ಕಾಗದ ದೇವರ ಪಾದದ ಕೆಳಗಿತ್ತು. ದೇವರೇ, ನನ್ನ ಅನುಮಾನವನ್ನು ಕ್ಷಮಿಸು ಎಂದು ಒಳಗೇ ತಲೆ ಬಾಗಿದ.

"ಇದೂ ಅದರಿ," ಎಂದು ಮಡೆಪ್ಪ ಮೂರ್ತಿಯ ಹಿಂದಿನಿಂದ ಒಂಬತ್ತನೆಯದೊಂದು ತೆಗೆದ. ಮಡಿಕೆ ಸವೆದ ಹಳೆಯ ಚೀಟಿ. "ಇದು ಅಜೀಜ ಮಾಸ್ತರರು ಕೊಟ್ಟದ್ದು. ಚೀಟಿಯ ಶಕ್ತಿ ಏನಂತ ನನಗ ತಿಳಿದದ್ದೇ ಇದರಿಂದ. ಆ ಗದ್ದಲದ ವರ್ಷ ಬಂದೂಕದವರು ನಾಲ್ಕು ಮಂದಿ ಹಾದ್ಯಾಗ ಕುರಿ ತಡ್ದರು. ಟಗರು ಎಲ್ಲಾ ಬಿಟ್ಟು ಹೋಗು ಅಂದ್ರು. ನನ್ನ ಹತ್ರ ಇದೊಂದೇ ಕಾಗದ ಇತ್ತು, ತಗ್ದು ತೋರಿಸ್ದೆ. ಅವರ ದೊಡ್ಡಾವ ಓದಿದ. ಓದಿ ನಕ್ಕ. ಕಣ್ಣೀರು ಬರಂಗ ನಕ್ಕ. ಉಳಿದವರಿಗೂ ಓದಿ ಹೇಳ್ದ, ಅವರೂ ನಕ್ಕರು. ಹೋಗಪಾ ಅಂತ ಬಿಟ್ಟರು. ಒಂದು ಮರಿ ಸೈತ ಮುಟ್ಟಲಿಲ್ಲ. ಅದರಾಗ ಅಜೀಜ ಮಾಸ್ತರರು ಏನು ಬರ್ದಾರೋ, ಆ ಮಲ್ಲಯ್ಯಗ ಗೊತ್ತು. ನಿಮಗ ಉರ್ದು ಬರ್ತದಲಾ? ಓದಿ ಹೇಳ್ರಿ."

ಏಕನಾಥ ಬಿಚ್ಚಿ ಓದಿದ. ತುಟಿ ತಡೆಯಲಿಲ್ಲ. ಆದರೂ ದೇವರ ಮುಂದೆ ಕೂತಿದ್ದಾನೆ, ಇದ್ದದ್ದು ಇದ್ದಂತೆಯೇ ಹೇಳಬೇಕು.

"ಧೊಂಡಿಬಾ, ತಂದೆಯ ಹೆಸರು ಮಡೆಪ್ಪ, ಕುರಿಗಾರ. ಹಾಜರಿ ಪೂರಾ. ನಡತೆ ಉತ್ತಮ. ಲೆಕ್ಕದಲ್ಲಿ ಭಾಳ ಕಚ್ಚಾ. ಹತ್ತರ ಮುಂದ ಎಣಿಸಲು ಒಲ್ಲೆ ಅಂತಾನೆ. ತಂದೆಯವರು ದಿನಾಲು ಸಂಜೆ ಹುಡುಗನ ಕೈಲಿಂದ ಕುರಿ ಎಣಿಸಬೇಕಾಗಿ ವಿನಂತಿ."

ಮೊದಲು ನಕ್ಕವನು ನರಸಿಂಗ. ಆಮೇಲೆ ಹೀರಾಬಾಯಿ ಸೆರಗು ಬಾಯಿಗೆ ಹಿಡಿದಳು. ಮಡೆಪ್ಪ ಚೀಟಿಯನ್ನೂ ಮಗನನ್ನೂ ಬದಲಿಸಿ ಬದಲಿಸಿ ನೋಡಿದ.

"ಹಂಗಾದ್ರ ನನ್ನ ಕುರಿ ಉಳಿಸಿದ್ದು ಚೀಟಿ ಅಲ್ಲ," ಎಂದ ಕಡೆಗೆ. "ಇವನ ದಡ್ಡತನ."

"ಅಷ್ಟೊಂದು ಕುರಿ ನಡುವ ನಿಂತವನ ಮಗ ಎಣಿಸ್ಲಾಕ ಒಲ್ಲೆ ಅಂತಾನಂತ ನಕ್ಕಿರಬೇಕರಿ ಅವರು," ಎಂದಳು ಹೀರಾಬಾಯಿ.

ಮಡೆಪ್ಪನೂ ಆಗ ನಕ್ಕ. ನಕ್ಕು ಮುಗಿದ ಮೇಲೆ ಚೀಟಿಯನ್ನು ಮತ್ತೆ ಹಣೆಗೆ ಹಚ್ಚಿಕೊಂಡ. "ಏನೇ ಇರ್ಲಿ. ಅಷ್ಟು ದೊಡ್ಡ ಗದ್ದಲ ನಡ್ದಾಗ ಒಬ್ಬ ಮನುಷ್ಯ ಕೂತು ನನ್ನ ಮಗನ ಲೆಕ್ಕದ ಚಿಂತಿ ಮಾಡ್ಯಾನಲಾ. ದೇವರಿಗಿ ಅದು ಕಂಡದ."

ಏಕನಾಥ ತನ್ನ ಎಂಟು ಚೀಟಿ ಕೈಗೆತ್ತಿಕೊಂಡು ಕೇಳಿದ, "ದೇವರಿಗಿ ಕೊಟ್ಟದ್ದು ಒಡೀಬಹುದೇನ್ರಿ?"

ಮಡೆಪ್ಪ ಮೂರ್ತಿಯ ಕಡೆ ನೋಡಿದ. "ನೀವೇ ಬರ್ದದ್ದು, ಅವನ ಮುಂದೇ ಒಡೀತೀರಿ. ಅವನೂ ಕೇಳ್ಲಿ. ಅವನಿಗೇನು ಸಾಲಿ ಗೊತ್ತದ?"

"ನಾ ಓದಂಗಿಲ್ಲ," ಎಂದು ಏಕನಾಥ ಮೊದಲನೆಯದನ್ನು ಧೊಂಡಿಬಾನ ಕೈಗಿತ್ತ. "ಇಂವ ಓದ್ತಾನ."

ಹುಡುಗ ಸರಿ ಬಿಡಿಸಿ, ಭಂಡಾರ ಊದಿ, ಒಲೆಯ ಬೆಳಕಿಗೆ ಹಿಡಿದ. "ಮಡೆಪ್ಪನವರಿಗೆ ನಮಸ್ಕಾರಗಳು. ನಿಮ್ಮ ಮಗ ಧೊಂಡಿಬಾ ಮೂರು ವರ್ಷ ಉರ್ದು ಕಲಿತವನಾದ್ದರಿಂದ ಮೊದಲ ವಾರ ಪಾಟಿಯ ಮೇಲೆ ಕನ್ನಡವನ್ನೂ ಬಲದಿಂದ ಎಡಕ್ಕೆ ಬರೆದ. ಈಗ ಎಡದಿಂದ ಬರೆಯುತ್ತಾನೆ. ಅಕ್ಷರಗಳು ಎಲ್ಲರಿಗಿಂತ ದುಂಡಗಿವೆ."

ಹೀರಾಬಾಯಿ ಒಲೆಯ ಹತ್ತಿರದಿಂದ ಎದ್ದು ಬಂದಳು. ಮಗನ ಬಾಯಿಯಿಂದ ಅಷ್ಟುದ್ದ ಮಾತು ಅವಳು ಹಿಂದೆ ಕೇಳಿರಲಿಲ್ಲ. ಅವನು ಎರಡನೆಯದು ಓದಿದ, ಮೂರನೆಯದು ಓದಿದ. ಜಾತ್ರೆಯ ದಿನ ಸಾಲಿ ತಪ್ಪಿಸಿದ್ದು ಬಂತು. ಕೆರೆಯಲ್ಲಿ ಬಿದ್ದ ಸಣ್ಣ ಹುಡುಗನನ್ನು ಎಳೆದು ತಂದದ್ದು ಬಂತು. ಅದನ್ನು ಕೇಳಿ ಹೀರಾಬಾಯಿ, "ಇದು ಯಾವಾಗ? ನನಗ್ಯಾಕ ಹೇಳಿಲ್ಲ?" ಎಂದು ಗದರಿದಳು. ನಾಲ್ಕನೆಯದರ ನಡುವೆ ಹುಡುಗನ ದನಿ ತಗ್ಗಿತು, ಒಂದು ಸಾಲು ಹಾರಿ ಮುಂದಿನದಕ್ಕೆ ಹೋಯಿತು.

ಮಡೆಪ್ಪನಿಗೆ ಅಕ್ಷರ ಬಾರದಿದ್ದರೂ ಮರಿ ತಪ್ಪಿಸಿಕೊಂಡದ್ದು ಗೊತ್ತಾಗದೇ ಇರುತ್ತದೆಯೇ? ಅವನು ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಮಗನ ಎಡಗೈಯಲ್ಲಿ ಇಟ್ಟು ಮುಷ್ಟಿ ಮುಚ್ಚಿಸಿದ. ಭಂಡಾರ ಹಿಡಿದು ಸುಳ್ಳು ಹೇಳಿದ ಕುರಿಗಾರ ಇನ್ನೂ ಹುಟ್ಟಿಲ್ಲ.

"ಈಗ ಓದು."

ಹುಡುಗ ಬಿಟ್ಟ ಸಾಲಿಗೇ ತಿರುಗಿದ. "ಲೆಕ್ಕದಲ್ಲಿ ಬಹಳ ಹಿಂದಿದ್ದಾನೆ. ಕುರಿಗಾರರ ಮಗನೆಂದು ಸುಲಭವಾಗಲಿ ಎಂದು ಕುರಿಗಳ ಲೆಕ್ಕವನ್ನೇ ಕೊಡುತ್ತೇನೆ. ಹಟ್ಟಿಯಲ್ಲಿ ನಲವತ್ತು ಕುರಿ, ಅದರಲ್ಲಿ ಒಂಬತ್ತು ಸತ್ತರೆ ಉಳಿದವೆಷ್ಟು ಎಂದರೆ ಬಾಯಿ ಮುಚ್ಚಿ ಕೂಡುತ್ತಾನೆ."

ಹೀರಾಬಾಯಿ, "ಅಯ್ಯ ಶಿವನೇ," ಎಂದು ದಡ್ಡಿಯ ಕಡೆ ತಿರುಗಿ ಕೈ ಮುಗಿದಳು. ಮಡೆಪ್ಪ ಮಾಸ್ತರನನ್ನು ದಿಟ್ಟಿಸಿದ. "ಬಾಯಿಲೆ ಕುರಿ ಎಣಿಸ್ಲಾಕ ಹೇಳಿದ್ರೇನ್ರಿ? ಮ್ಯಾಲ ಸತ್ತಾವ ಅಂತ?"

"ಹೌದು. ಯಾಕ?"

"ಅಜೀಜ ಮಾಸ್ತರರ ಚೀಟಿನ್ಯಾಗಿನ ಮಾತು ನಗ್ಯಾಗ ಹೋಯ್ತು, ಆದ್ರ ನಮ್ಮಾಗ ಕುರಿ ಎಣಿಸಂಗಿಲ್ಲರಿ. ಮುಖಾ ನೋಡ್ತೀವಿ, ಯಾರು ಬಂದಿಲ್ಲ ಅಂತ ತಿಳೀತದ. ಎಣಿಸಿದ್ರ ಮಲ್ಲಯ್ಯ 'ನೀನೇ ಕಾಯ್ಕೋ' ಅಂತ ಕಣ್ಣು ಮುಚ್ತಾನ. ಇವನ ಅಜ್ಜಿ ಇವನಿಗಿ ಮಾತು ಬರೋಕಿಂತ ಮೊದ್ಲು ಅದನ್ನ ಕಲಿಸ್ಯಾಳ."

ಏಕನಾಥ ಧೊಂಡಿಬಾನ ಕಡೆ ತಿರುಗಿದ. "ನನಗ ಯಾಕ ಹೇಳಿಲ್ಲೋ?"

"ನೀವು ಕೇಳಿಲ್ಲರಿ," ಎಂದ ಹುಡುಗ.

ಅದು ನಿಜ. ಎಂಟು ತಿಂಗಳು ತಾನು ತಿಳಿಸುತ್ತಲೇ ಇದ್ದ, ಆ ಮನೆಯಿಂದ ಒಂದು ಮಾತನ್ನೂ ಕೇಳಿ ತಿಳಿದಿರಲಿಲ್ಲ. ಅಜೀಜ ಮಾಸ್ತರರೂ ಹದಿನಾಲ್ಕು ವರ್ಷ ಇದ್ದು ಅದೇ ತಪ್ಪು ಮಾಡಿದ್ದರು. ಏಕನಾಥ ಒಲೆಯ ಹತ್ತಿರದಿಂದ ಸಣ್ಣ ಸಣ್ಣ ಹರಳು ಬಾಚಿ ಕಂಬಳಿಯ ಮೇಲೆ ಸುರಿದ. "ಇವು ಹರಳು. ಇವಕ್ಕ ಜೀವ ಇಲ್ಲ. ನಲವತ್ತು ಇಡು. ಒಂಬತ್ತು ತಗಿ."

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ತಲೆಯಾಡಿಸಿದ. ಹರಳು ಸರಸರ ಸರಿದವು.

"ಮೂವತ್ತೊಂದು."

"ಅರವತ್ತಮೂರರಾಗ ಇಪ್ಪತ್ತೆಂಟು ಹೋದ್ರ?"

ಈ ಸಲ ಹರಳು ಮುಟ್ಟಲೇ ಇಲ್ಲ. "ಮೂವತ್ತೈದ್ರಿ."

ನರಸಿಂಗ ಕತ್ತೆಗೆ ಹೇಳಿದ, "ನಾನೂ ನೀನೂ ಇಷ್ಟು ದಿನ ಇಂವಗ ದಡ್ಡ ಅಂತಿದ್ವಿ."

ಉಳಿದ ಚೀಟಿಗಳೂ ಮುಗಿದವು. ಎಂಟನೆಯದನ್ನು ಓದುವಾಗ ಹುಡುಗನ ದನಿ ತಾನಾಗಿ ಗಟ್ಟಿಯಾಯಿತು. ಪರೀಕ್ಷೆ, ಭಾಲ್ಕಿ, ಹೆಬ್ಬೆಟ್ಟು. ಏಕನಾಥ ಫಾರ್ಮು ಬಿಡಿಸಿದ. ಶಾಯಿ ತರಲು ಮರೆತದ್ದು ಆಗ ನೆನಪಾಯಿತು. ಹೀರಾಬಾಯಿ ಏನೂ ಅನ್ನದೆ ರೊಟ್ಟಿಯ ಹಂಚನ್ನು ಬೋರಲು ಹಾಕಿ, ಅದರ ಕಾಡಿಗೆಗೆ ಎರಡು ಹನಿ ಎಣ್ಣೆ ಬಿಟ್ಟು ಕಲೆಸಿ ಗಂಡನ ಮುಂದಿಟ್ಟಳು. ಮಡೆಪ್ಪ ಹೆಬ್ಬೆರಳು ಅದ್ದಿದ. ಒತ್ತುವ ಮೊದಲು ಕೈ ತಡೆದು, "ಇದರಾಗ ಏನು ಬರ್ದದ?" ಎಂದು ಮಗನನ್ನು ಕೇಳಿದ. ಮಗ ಮೇಲಿನಿಂದ ಕೆಳಗಿನವರೆಗೂ ಓದಿ ಹೇಳಿದ. ಆಮೇಲೆ ಅಪ್ಪ ಒತ್ತಿದ. ಜೀವಮಾನದಲ್ಲಿ ಎಷ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದನೋ, ಕೇಳಿ ಒತ್ತಿದ್ದು ಅದೇ ಮೊದಲನೆಯದು.

ಮರುದಿನ ಇಳಿಹೊತ್ತಿಗೆ ಏಕನಾಥ ಭಾಲ್ಕಿಯಲ್ಲಿದ್ದ. ಕಚೇರಿಯ ಕಾರಕೂನ ಫಾರ್ಮನ್ನು ಮೂಗಿನ ಹತ್ತಿರ ಹಿಡಿದು, "ಏನ್ರಿ ಮಾಸ್ತರ, ಇದು ರೊಟ್ಟಿ ವಾಸನಿ ಬರ್ತದ" ಎಂದ. "ಬರ್ತದ್ರಿ" ಎಂದ ಏಕನಾಥ. ಕಾರಕೂನ ಮೊಹರು ಹೊಡೆದ.

ಆಮೇಲಿನಿಂದ ಒಂದು ಪದ್ಧತಿ ಬಿತ್ತು. ಚೀಟಿಗೆ ಸರಿ ಹಚ್ಚುವುದನ್ನು ಏಕನಾಥ ಬಿಟ್ಟ. ಹುಡುಗರೇ ತಮ್ಮ ಚೀಟಿಯನ್ನು ಅಪ್ಪ ಅವ್ವನ ಮುಂದೆ ನಿಂತು ಓದಬೇಕು, ಮನೆಯವರು ಹೇಳಿದ್ದನ್ನು ಹಿಂದೆ ಬರೆದುಕೊಂಡು ಬರಬೇಕು. ಲೆಕ್ಕದ ಸಾಲು ಹಾರಿಸಿದರೆ ಏನಾಗುತ್ತದೆಂಬ ಕಥೆಯನ್ನು ನರಸಿಂಗ ಊರೆಲ್ಲ ಹರಡಿದ್ದ. ದೊಡ್ಡ ಮನೆಯ ಹುಡುಗನೂ ಕಟ್ಟೆಯ ಮೇಲೆ ನಿಂತು ಓದಿದನಂತೆ. ಅವನ ಚೀಟಿಯ ಹಿಂದೆ ಒಂದೇ ಮಾತು ಬಂದಿತ್ತು: ಕೇಳಿದೆವು.

ಧೊಂಡಿಬಾ ಪಾಸಾದ. ಲೆಕ್ಕದಲ್ಲಿ ನೂರಕ್ಕೆ ನಲವತ್ತಾರು. ಮುಂದೆ ಭಾಲ್ಕಿಯಲ್ಲಿ ಓದುವನೆಂದು ಗಟ್ಟಿಯಾಯಿತು.

ಬೇಸಿಗೆಯ ಸೂಟಿಗೆ ಏಕನಾಥ ಬೀದರಕ್ಕೆ ಹೊರಡುವ ದಿನ ಮಡೆಪ್ಪ ಊರಿಗೆ ಬಂದಿದ್ದ. ಹೆಗಲಿನಿಂದ ಹೊಸ ಕಂಬಳಿಯೊಂದನ್ನು ಇಳಿಸಿದ. "ಇದು ಚಿದ್ರಿಗಿ ಮುಟ್ಟಿಸ್ರಿ, ಅಜೀಜ ಮಾಸ್ತರರಿಗಿ. ಹುಡುಗ ಪಾಸಾಗ್ಯಾನಂತ ಹೇಳ್ರಿ. ಕುರಿ ಯಾಕ ಎಣಿಸಿಲ್ಲ ಅಂತನೂ ಹೇಳ್ರಿ." ಆಮೇಲೆ ಅಂಗಿಯ ಕಿಸೆಯಿಂದ ಒಂದು ಚೀಟಿ ತೆಗೆದ. "ಇದು ನಿಮ್ಮವ್ವಗ. ನಾ ಹೇಳೀನ್ರಿ, ಧೊಂಡಿಬಾ ಬರ್ದಾನ. ದಾರ್ಯಾಗ ಒಡೀಬ್ಯಾಡ್ರಿ."

ನಾಲ್ಕು ಮಡಿಕೆ. ಅಂಚಿಗೆ ಜೋಳದ ಸರಿ.

ಚಿದ್ರಿಯಲ್ಲಿ ಅಜೀಜ ಮಾಸ್ತರರು ಕಂಬಳಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಸವರಿದರು. ಬಂದೂಕದವರ ಕಥೆ ಕೇಳಿ ನಕ್ಕರು, ಕುರಿ ಎಣಿಸದ ಕಾರಣ ಕೇಳಿ ನಗೆ ನಿಲ್ಲಿಸಿದರು. "ಹದಿನಾಲ್ಕು ವರ್ಷ ಇದ್ದೆ ಬೇಟಾ," ಎಂದರು. "ಯಾರಿಗೂ ಕೇಳಲಿಲ್ಲ ನೋಡು." ಹೊರಡುವಾಗ ಏಕನಾಥನ ತಲೆಯ ಮೇಲೆ ಕೈಯಿಟ್ಟರು.

ಮೈಲೂರಿನ ಮನೆಯ ಹೊಸ್ತಿಲಲ್ಲಿ ಶೇವಂತಾಬಾಯಿ ಅಕ್ಕಿ ಆರಿಸುತ್ತಿದ್ದಳು. ಏಕನಾಥ ಎದುರಿಗೆ ಕೂತು, ಅವಳ ಕಣ್ಣ ಮುಂದೆಯೇ ಸರಿ ಬಿಡಿಸಿದ. ದುಂಡಗಿನ ಅಕ್ಷರ.

"ಅವ್ವ, ಕೇಳು. ನನ್ನ ಸಾಲಿದು ಚೀಟಿ ಬಂದದ."

ಅವಳ ಕೈ ಮೊರದಲ್ಲಿ ನಿಂತಿತು.

"ಶೇವಂತಾಬಾಯಿಯವರಿಗೆ ಮಡೆಪ್ಪ ಕುರಿಗಾರನ ಶರಣು. ನಿಮ್ಮ ಮಗ ಏಕನಾಥ ಮಾಸ್ತರರ ಹಾಜರಿ ಪೂರಾ. ನಡತೆ ಚಲೋ. ಹುಡುಗರಿಗೆ ಹೊಡೆಯುವುದಿಲ್ಲ. ಹೊಳೆ ದಾಟಿ ಬಂದು ನಮ್ಮ ಮಗನ ಸುದ್ದಿ ನಮಗೆ ಹೇಳಿದ್ದಾರೆ, ಅದಕ್ಕೆ ನಿಮ್ಮ ಹೊಟ್ಟೆ ತಣ್ಣಗಿರಲಿ. ಕುರಿಯ ವಿಷಯ ಏನೂ ತಿಳಿಯುವುದಿಲ್ಲ, ಕಲಿಯುತ್ತಾರೆ. ನಾಯಿಗೆ ಬಹಳ ಅಂಜುತ್ತಾರೆ."

ಶೇವಂತಾಬಾಯಿ ಚೀಟಿ ಈಸಿಕೊಂಡಳು. ತಿರುಗಿಸಿ ಮುರುಗಿಸಿ ನೋಡಿದಳು. ಬೆರಳ ತುದಿಗೆ ಹಳದಿ ಹತ್ತಿತು.

"ನಾಯಿದು ಖರೆ ಬರ್ದಾರ," ಎಂದಳು. "ಸಣ್ಣಾವಿದ್ದಾಗಿಂದ ಅಂಜ್ತಿ." ಮೊರ ಪಕ್ಕಕ್ಕಿಟ್ಟು, ಕಣ್ಣು ಒರೆಸಿಕೊಂಡು, ಚೀಟಿಯನ್ನು ಮಗನ ಕೈಗೆ ತಿರುಗಿ ಕೊಟ್ಟಳು. "ಮೊದಲಿಂದ ಇನ್ನೊಮ್ಮಿ ಓದು. ಸಾವಕಾಶ ಓದು."